ಚಾರ್ಜು ಒಪ್ಪಿಸುವಾಗ

ಬಾಮ್ಮ ಪೂಂಗೊಡಿ, ಮೊದಲು ಬೀಗ.
ಒಂಚೂರು ಎತ್ತಿ ಬಲಕ್ಕೆ ತಿರುಗಿಸು.
ದೇಂಕಣಿಕೋಟೆಯ ಮಳೆಗೆ ಬಾಗಿಲು ಉಬ್ಬುತ್ತದೆ, ಬೈಯಬೇಡ.

ಇದು ದಾಸ್ತಾನು ಪುಸ್ತಕ. ಕಲ್ಲು ನಲವತ್ತೊಂದು,
ತಾಮ್ರದ ಹಲಗೆ ಎರಡು, ಫಿರಂಗಿ ಗುಂಡು ಒಂದು.
ಗುಂಡನ್ನು ಬಂದವರೆಲ್ಲ ಎತ್ತಿ ನೋಡುತ್ತಾರೆ,
ಎತ್ತಲಿ, ಕಾಲ ಮೇಲೆ ಬೀಳದಿದ್ದರೆ ಸಾಕು.
ಮೂಲೆಯ ಇಲಿಬೋನು ಪ್ರದರ್ಶನಕ್ಕಲ್ಲ.
ಒಬ್ಬ ಸಾಹೇಬರು ಅದರ ಫೋಟೋವನ್ನೂ ತೆಗೆದುಕೊಂಡು ಹೋದರು.

ಬೆಳಗ್ಗೆ ಒಣಬಟ್ಟೆ. ನೀರು ಸೋಕಿಸಬೇಡ.
ಅಕ್ಷರದ ಕುಳಿಗೆ ಕುಂಚ, ಉಗುರಲ್ಲ.
ಮೇಲಿನವರು ಸುಣ್ಣ ಬಳಿಸಿ ಎಂದಾರು,
ತಲೆಯಾಡಿಸು, ಬಳಿಸಬೇಡ.
ಫಲಕಕ್ಕೆ ಮೂರು ಭಾಷೆ ಬರೆದು ಕಳಿಸಿದ್ದೆ,
ಎರಡು ಅಚ್ಚಾಗಿ ಬಂದವು.
ಮೂರನೆಯದು, ಈ ಕಲ್ಲುಗಳೇ ಆಡುವ ಮಾತು,
ರಟ್ಟಿನ ಮೇಲೆ ನಾನೇ ಬರೆದು ಅಂಟಿಸಿದ್ದು.
ಗೋಂದು ಬಿಟ್ಟಾಗ ಮತ್ತೆ ಅಂಟಿಸು.
ಕನ್ನಡ ನಿನಗೆ ಮಾತು ಬರುತ್ತದೆ, ಓದು ಬಾರದು.
ತಲೆಕೆಳಗಾಗದಂತೆ ನೋಡಿಕೋ.

ಈಗ ಹದಿನೇಳನೆಯ ಕಲ್ಲು.
ಅಂಚೆಟ್ಟಿ ಕಡೆಯ ಹೊಲದ ಬದುವಿನಿಂದ
ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ತಂದದ್ದು.
ಕೆಳಗೆ ದನ, ನಡುವೆ ಬಿಲ್ಲು ಹಿಡಿದವನು, ಮೇಲೆ ಅವನೇ
ಚಾಮರದ ಹೆಣ್ಣುಗಳ ನಡುವೆ, ಕೊಂಚ ಮುಜುಗರದಿಂದ.
ತುರುವಂ ಮಗುಳ್ಚಿ ಸತ್ತಂ. ಇಷ್ಟು ಓದಬಹುದು.
ತುರು ಅಂದರೆ ದನ. ಮಗುಳ್ಚಿ, ಹಿಂದಿರುಗಿಸಿ.
ಸತ್ತಂ, ನಿನ್ನ ತಮಿಳಿನಲ್ಲೂ ಹೆಚ್ಚುಕಡಿಮೆ ಅದೇ.
ಹೆಸರಿದ್ದ ಜಾಗ ಚಕ್ಕೆ ಎದ್ದಿದೆ:
ಒಂದು ‘ಮಾ’, ಆಮೇಲೆ ಬರೀ ಕಲ್ಲು.
ಮಾರನೋ ಮಾದನೋ ಮಾಚನೋ,
ಹದಿನೆಂಟು ವರ್ಷ ಟಾರ್ಚನ್ನು ಓರೆಯಾಗಿ ಹಿಡಿದು ಕೇಳಿದೆ.
ಹೇಳದು.

ಮಹಾಲಯ ಅಮಾವಾಸ್ಯೆಗೆ ಚೂಡಮ್ಮ ಬರುತ್ತಾಳೆ,
ಮೊದಲ ಬಸ್ಸಿಗೆ, ಸೆರಗಿನಲ್ಲಿ ಎಣ್ಣೆ ಸೀಸೆ.
‘ನಮ್ ಮಾಚಣ್ಣ ಹೆಂಗವ್ನೆ ಸಾರ್?’
ಆಸ್ಪತ್ರೆಯಲ್ಲಿ ಬಿಟ್ಟುಹೋದವರನ್ನು ವಿಚಾರಿಸುವ ಹಾಗೆ.
ಎಣ್ಣೆ ಹಚ್ಚಕೂಡದು, ನಿಯಮ ಗೋಡೆಯ ಮೇಲಿದೆ.
ಮೊದಲ ವರ್ಷ ಅದನ್ನು ಓದಿ ಹೇಳಿದೆ ಕೂಡ.
ಜಗಳವಾಡಲಿಲ್ಲ. ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.
ವರ್ಷವಿಡೀ ಅಲ್ಲೇ ಇತ್ತು.
ಈಗ ಕಲ್ಲಿನ ಮುಂದೆ ಒಂದು ಚಪ್ಪಡಿ ಇಟ್ಟಿದ್ದೇನೆ,
ಹಿತ್ತಲಿನದು, ನಂಬರಿಲ್ಲ. ಎಣ್ಣೆ ಅದಕ್ಕೆ.
ಬೆನ್ನು ತಿರುಗಿಸಿದಾಗ ಅವಳ ಬೆರಳು
ಅವನ ಪಾದಕ್ಕೂ ಒಂದಿಷ್ಟು ಸವರುತ್ತದೆ.
ಬೆನ್ನು ತಿರುಗಿಸುವುದೂ ಕೆಲಸವೇ.

ಪುಸ್ತಕದಲ್ಲಿ ಅವನ ಹೆಸರಿನ ಕಲಂ ಖಾಲಿ.
ಕಲ್ಲು ಹೇಳದ್ದನ್ನು ನಾವು ಹೇಳುವಂತಿಲ್ಲ.
ಆದರೆ ಕಿಟಕಿಗೆ ಓರೆ ಹಿಡಿದರೆ ಪೆನ್ಸಿಲ್ಲು ಕಾಣುತ್ತದೆ:
‘ಮಾಚ, ಎನ್ನುತ್ತಾಳೆ ಚೂಡಮ್ಮ.’
ಶಾಯಿ ಹಾಕಬೇಡ.
ಅಳಿಸಲೂ ಬೇಡ.

ಇಲ್ಲಿ ಸಹಿ. ಮೊದಲು ಎಣಿಸಿಕೋ.
ನಲವತ್ತೆರಡು ಬಂದರೆ ಗಾಬರಿಯಾಗಬೇಡ.