ಮುರಕಲ್ಲಿನ ಕಿವಿ

ಉಪ್ಪಳ ಪೇಟೆಯ ಬಸ್‌ಸ್ಟ್ಯಾಂಡಿನ ಬಗಲಿಗೆ,
ಮೀನು ಮಾರ್ಕೆಟಿಗೆ ಇಳಿಯುವ ಮೆಟ್ಟಿಲ ತಲೆಯಲ್ಲಿ
ಮುಂಡಪ್ಪ ಬೆಳ್ಚಾಡರು ನಿಂತಿದ್ದಾರೆ.
ನಿಲ್ಲಿಸಿದವನು ನಾನು.

ಕಾರ್ಕಳದಿಂದ ಕರಿಕಲ್ಲು ತರಿಸೋಣ ಅಂದಿತ್ತು ಕಮಿಟಿ.
ಲೆಕ್ಕ ಹಾಕಿ, ಚಾ ಕುಡಿದು, ಮುರಕಲ್ಲೇ ಸಾಕು ಅಂದಿತು.
ಪುಕ್ಕಟೆ ಕಲ್ಲು ಕೊಟ್ಟವರ ಹೆಸರನ್ನು
ಫಲಕದ ಅಡಿಗೆ ಸಣ್ಣಕ್ಕೆ ಹಾಕಬೇಕಂತೆ.
ಯಾವ ಕೋರೆಯದ್ದು ಎಂದು ನಾನು ಕೇಳಲಿಲ್ಲ.
ಲಾರಿ ಬಂದು ಸುರಿದಾಗ ಬಣ್ಣದಲ್ಲೇ ಗೊತ್ತಾಯಿತು:
ಹದ್ದಿನಪಾದೆಯ ಬೆನ್ನು ಸುಲಿದ ಕಲ್ಲು,
ಎಂಟು ವಾರ 'ಕಡವು' ಪತ್ರಿಕೆಯಲ್ಲಿ
ಸರ್ವೆ ನಂಬರು ಸಮೇತ ಅವರು ಬರೆದ ಗುಂಡಿಯ ಕಲ್ಲು.

ಮೊದಲು ಕನ್ನಡವೋ ಮಲಯಾಳವೋ ಎಂದು
ಮೂರು ಸಭೆ ನಡೆಯಿತು, ಒಂದರಲ್ಲಿ ಕುರ್ಚಿ ಮುರಿಯಿತು.
'ಕೊಲೆಯಾದರು' ಎಂದಿತ್ತು ಮೊದಲ ಕರಡಿನಲ್ಲಿ.
ಆಮೇಲೆ 'ಅಗಲಿದರು' ಆಯಿತು.
ಅದಕ್ಕೆ ಮಾತ್ರ ಎರಡೂ ಭಾಷೆಯಲ್ಲಿ
ಜಗಳವಿಲ್ಲದೆ ಒಳ್ಳೆಯ ಶಬ್ದ ಸಿಕ್ಕಿತು.

ಕೈಯಲ್ಲಿ ಕತ್ತಿಯ ಹಾಗೆ ಪೆನ್ನು ಬೇಕು, ಅಧ್ಯಕ್ಷರಿಗೆ.
ಹೆಂಡತಿ ವನಜಾಕ್ಷಿ ಬಂದರು, ಕಂಕುಳಲ್ಲಿ ಮಾಸಿದ ಕೊಡೆ.
'ಪೆನ್ನು ಯಾವಾಗಲೂ ಕಳಕೊಳ್ಳುತ್ತಿದ್ದರು,
ಬೇರೆಯವರದ್ದು ಕೇಳಿ ಬರೆಯುತ್ತಿದ್ದರು.
ಪೆನ್ನು ಬೇಡ. ಕಿವಿ ಸರಿ ಮಾಡಿ.
ಎಡಗಿವಿ ಮಂದ ಅವರಿಗೆ. ಬಲಗಿವಿ ಕೊಟ್ಟು
ಹೀಗೆ, ಸ್ವಲ್ಪ ಬಾಗಿ...'
ಎಂದು ನನ್ನಂಗಳದಲ್ಲಿ ಬಾಗಿ ತೋರಿಸಿದರು.
ಬಾಗಿದವರು ತುಸು ಹೊತ್ತು ಹಾಗೇ ಇದ್ದರು.

ಮುರಕಲ್ಲಿಗೆ ಮುಖ ನಿಲ್ಲುವುದಿಲ್ಲ.
ಕಣ್ಣು ಕೊರೆದರೆ ಬರೀ ತೂತು, ಮೂಗು ಉದುರುತ್ತದೆ.
ನೆಲದಿಂದ ಎತ್ತಿದ ದಿನ ಬೆಣ್ಣೆ,
ಗಾಳಿ ತಾಗಿ ಬಿಸಿಲು ತಾಗಿ ಕಬ್ಬಿಣ.
ಅದಕ್ಕೇ ಮೊದಲ ವಾರದಲ್ಲೇ ಕಿವಿ ಮುಗಿಸಿದೆ,
ನನ್ನ ಹೆಬ್ಬೆರಳು ಹಿಡಿಯುವಷ್ಟು ಆಳ.

ಈಗ ಬೀಫಾತಿಮ್ಮ ಬುಟ್ಟಿ ಇಳಿಸಿ ದಣಿವಾರಿಸುತ್ತ
ಐಸಿನ ರೇಟು ಏರಿದ್ದನ್ನು ಅವರಿಗೆ ಹೇಳುತ್ತಾಳೆ.
ಶಾಲೆ ಬಿಟ್ಟ ಮಕ್ಕಳು ಪೀಠ ಹತ್ತಿ
ಕಿವಿಗೆ ಬಾಯಿಟ್ಟು ಕೂ ಅನ್ನುತ್ತವೆ.
ಕುಡಿದ ಐತ್ತಪ್ಪ ಪಂಚಾಯತಿನವರ ಜನ್ಮ ಜಾಲಾಡಿ
'ಬರಕೊಳ್ಳಿ ಮಾರಾಯ್ರೆ' ಅನ್ನುತ್ತಾನೆ.

ಹಗಲು ನಾನು ಆ ದಾರಿ ಹಿಡಿಯುವುದಿಲ್ಲ.

ಆ ರಾತ್ರಿ ಹೊಳೆಯ ಸಂಕದ ಹತ್ತಿರ
ಸೈಕಲ್ಲಿನ ಚೈನು ಕಳಚಿ ಕತ್ತಲಲ್ಲಿ ಕೂತಿದ್ದೆ.
ಸ್ಕೂಟರಿನ ಸದ್ದು. ಅದರ ಹಿಂದೆ ದೀಪ ಹಾಕದ ಲಾರಿ.
ಆಮೇಲೆ ಲಾರಿ ರಿವರ್ಸ್ ಬಂತು.
ಆ ಕೆಂಪು ಬೆಳಕಲ್ಲೇ ನಂಬರು ಓದಿದ್ದು.
ಪೊಲೀಸರ ಕಾಗದದಲ್ಲಿ ಅದು ಈಗಲೂ ಅಪಘಾತ.
ಅಂಗೈಯ ಚೈನಿನ ಎಣ್ಣೆ ಎರಡು ದಿನದಲ್ಲಿ ಹೋಯಿತು.

ನಿನ್ನೆ ಕೊನೆಯ ಬಸ್ಸು ದಾಟಿದ ಮೇಲೆ ಹೋದೆ.
ಬಾಯಿ ತಂದೆ ಕಿವಿಯ ಹತ್ತಿರ.
ಕಿವಿ ಮುಚ್ಚಿತ್ತು. ಕುಂಬಾರ ಕಣಜ ಮಣ್ಣು ಮೆತ್ತಿತ್ತು,
ನುಣ್ಣಗೆ, ನನ್ನ ಕೈಗೆ ಬಾರದಷ್ಟು ನುಣ್ಣಗೆ.
ಸದ್ಯ, ಅನ್ನಿಸಿತು.
ಸುಳ್ಳೇಕೆ, ಮೊದಲು ಹಾಗೇ ಅನ್ನಿಸಿತು.

ಮತ್ತೆ ಸಣ್ಣ ಉಳಿ ತೆಗೆದು ಮೆಲ್ಲಗೆ ಎಬ್ಬಿಸಿದೆ.
ಒಳಗೆ ಹಸಿರು ಹುಳಗಳು, ಏಳೋ ಎಂಟೋ,
ಕಣಜ ಕುಟುಕಿ ತಂದು ತುಂಬಿಟ್ಟವು.
ಸತ್ತಿಲ್ಲ. ಅಲುಗುವುದೂ ಇಲ್ಲ.
ಅಂಗೈಯಲ್ಲಿ ಹಿಡಿದು ಬೀದಿದೀಪಕ್ಕೆ ನೋಡಿದೆ, ತುಂಬ ಹೊತ್ತು.

ಕೆ.ಎಲ್. ಹದಿನಾಲ್ಕು, ಎಂದೆ ಆ ಕಿವಿಗೆ.
ಮುಂದಿನ ಅಕ್ಷರ ಗಂಟಲಲ್ಲಿ.
ಸ್ಟೇಷನ್ನಿನ ಜಗಲಿಯಲ್ಲಿ ದೀಪ ಉರಿಯುತ್ತಿತ್ತು.
ಮೆಟ್ಟಿಲಿನಿಂದ ಅಲ್ಲಿಗೆ ನೂರ ನಲವತ್ತು ಹೆಜ್ಜೆ.
ಎಣಿಸಿದ್ದೇನೆ.