ಇಲಿ, ಎಲೆ

ಬೆಳಿಗ್ಗೆ ಎಂಟಕ್ಕೆ ಪೆರಿಯದ ಗುಡ್ಡದ ಮೇಲೆ
ಇಲಿಮನೆಯ ಬೀಗ ತೆಗೆಯುವವಳು ನಾನು, ಯಮುನಾಕ್ಷಿ,
ಕೂಡ್ಲಿನವಳು; ಹತ್ತು ವರ್ಷ ದಿನಗೂಲಿ, ಆಮೇಲೆ ಖಾಯಂ.
ಹೊರಗೆ ಮುರಕಲ್ಲು ಆಗಲೇ ಕಾಯತೊಡಗಿರುತ್ತದೆ.
ಒಳಗೆ ಇಪ್ಪತ್ತೆರಡು ಡಿಗ್ರಿ, ವರ್ಷವಿಡೀ.
ಹಗಲು ಹನ್ನೆರಡು ಗಂಟೆ, ಇರುಳು ಹನ್ನೆರಡು;
ಟೈಮರು ಹೇಳಿದ್ದೇ ಸೂರ್ಯ.

ಎಡಗೈಯಲ್ಲಿ ಇಲಿ. ಹೆಬ್ಬೆರಳಿನಡಿ ಅದರ ಎದೆ
ಹೊಲಿಗೆ ಮಿಷನ್ನಿನ ಹಾಗೆ ಓಡುತ್ತದೆ.
ಬಾಲ ಎತ್ತಿ, ಉಪ್ಪುನೀರಿನ ಹನಿ ಬಿಟ್ಟು, ಹೀರಿ,
ಗಾಜಿನ ಮೇಲೆ ಸವರಿದರೆ ಆಯಿತು,
ತನ್ನ ಒಳಗಿನ ತಾರೀಕು ಹೇಳಿಬಿಡುತ್ತದೆ.
ಕಚ್ಚುವುದಿಲ್ಲ. ಕಚ್ಚಿದ್ದರೆ ನ್ಯಾಯವೇ ಇತ್ತು.

ಜಿಸ್ನಾ, ಚೆರುವತ್ತೂರಿನ ಹುಡುಗಿ, ಪಿಎಚ್.ಡಿ. ಎರಡನೆಯ ವರ್ಷ,
ಎಲಿ ಅನ್ನುತ್ತಾಳೆ. ನಾನು ಇಲಿ ಅನ್ನುತ್ತೇನೆ.
ನನ್ನ ಎಲೆ ಅವಳಿಗೆ ಇಲ.
ಚಂದ್ರಗಿರಿ ಹೊಳೆ ದಾಟುವಾಗ
ಯಾರೋ ಎರಡು ಸ್ವರ ಅದಲುಬದಲು ಮಾಡಿ
ಇಲಿಯದನ್ನು ಎಲೆಗೆ, ಎಲೆಯದನ್ನು ಇಲಿಗೆ ಕೊಟ್ಟ ಹಾಗಿದೆ.
ನಮ್ಮ ಮನೆಯ ತುಳುವಿನಲ್ಲೂ ಎಲಿಯೇ, ಎಲೆ ಮಾತ್ರ ಇರೆ.
ಅವಳು ಅರ್ಧ ಗೆದ್ದಳು.

ಕನ್ನಡಕ ತೆಗೆಸಿ ಮೈಕ್ರೋಸ್ಕೋಪಿಗೆ ಬಗ್ಗಿಸಿ ಅವಳೇ ಕಲಿಸಿದ್ದು:
ಮೊದಲ ದಿನ ದುಂಡು ಕೋಶಗಳು, ನಡುವೆ ಬೀಜವಿರುವವು,
ಗೊಂಚಲು ಗೊಂಚಲು, ನೆಲ್ಲಿಕಾಯಿಯ ಹಾಗೆ.
ಅವತ್ತು ಈಸ್ಟ್ರೊಜೆನ್ ಏರಿ ತುದಿ ಮುಟ್ಟಿರುತ್ತದೆ;
ಮಧ್ಯಾಹ್ನ ಎರಡು ಕಳೆದ ಮೇಲೆ ಮಿದುಳಿನ ಬುಡದಿಂದ
ಇನ್ನೊಂದು ಏಳುತ್ತದೆ, ಎಲ್.ಎಚ್. ಅಂತ ಹೆಸರು,
ಕೀಯೂರಿನ ಅಳಿವೆಗೆ ಭರತ ನುಗ್ಗಿದ ಹಾಗೆ,
ಸ್ವಲ್ಪ ಹೊತ್ತು, ಮತ್ತೆ ಇಳಿತ.
ದೀಪ ಆರಿದ ಮೇಲೆ, ಯಾರೂ ನೋಡದಾಗ, ತತ್ತಿ ಉದುರುತ್ತದೆ.
ಮರುದಿನ ಗಾಜಿನ ತುಂಬ ಎಲೆ,
ಬೀಜವಿಲ್ಲದ, ಅಂಚು ಮಡಚಿದ, ಒಣಗಿದ ತರಗೆಲೆ.
ಮೂರನೆಯ ದಿನ ಗುಡಿಸಲು ಬಿಳಿಕಣಗಳು ಬರುತ್ತವೆ.
ನಾಲ್ಕನೆಯ ದಿನ ಬಹುತೇಕ ಅವೇ.
ಆಮೇಲೆ ಮತ್ತೆ ದುಂಡಗೆ.

ನಾಲ್ಕು ದಿನ.
ಅಷ್ಟೂ ದಿನ ನನ್ನಮ್ಮ ಹಟ್ಟಿಯ ಪಕ್ಕದ ಇಳಿಮಾಡಿನಲ್ಲಿ
ಬೇರೆ ಚಾಪೆ, ಬೇರೆ ಚೊಂಬು ಇಟ್ಟುಕೊಂಡು ಕೂರುತ್ತಿದ್ದಳು.
ಮೂರು ರಾತ್ರಿ ಕಳೆದು, ಮಿಂದು, ಹೊಸ್ತಿಲು ದಾಟುವುದರೊಳಗೆ
ಇಲ್ಲಿ ಒಂದು ಇಲಿ ಇಡೀ ಋತು ಮುಗಿಸಿ ಎದ್ದಿರುತ್ತದೆ.
ಅದನ್ನು ಯಾರೂ ಹೊರಗೆ ಕೂರಿಸುವುದಿಲ್ಲ;
ಪಂಜರದವರಿಗೆ ಹೊರಗೆಂಬುದೇ ಇಲ್ಲ.

ನನಗೆ ನಲವತ್ತೊಂಬತ್ತು. ಕ್ಯಾಲೆಂಡರಿನ ಕೆಂಪು ಸುತ್ತು
ಎರಡು ತಿಂಗಳು ಕಾಣದು, ಆಮೇಲೆ ಹದಿನೈದೇ ದಿನಕ್ಕೆ,
ಮತ್ತೆ ಓಣಂ ತನಕ ಸುದ್ದಿಯಿಲ್ಲ.
ಹೊಸದುರ್ಗದ ಬಸ್ಸಿನಲ್ಲಿ, ಹಲಗೆಯ ಮೇಲೆ ಅದು ಕಾಞಂಗಾಡ್,
ನಿಂತಲ್ಲೇ ಕುತ್ತಿಗೆಗೆ ಬೆಂಕಿ ಹತ್ತಿ
ಟಿಕೇಟಿನಿಂದ ಗಾಳಿ ಹಾಕಿಕೊಳ್ಳುತ್ತೇನೆ.

ಹದಿನೇಳನೆಯ ಪಂಜರದ ಮುದುಕಿಗೆ
ಹನ್ನೊಂದು ದಿನದಿಂದ ಎಲೆ. ಬರೀ ಎಲೆ.
ವಯಸ್ಸಾಯಿತು ಚೇಚಿ, ಅಂದಳು ಜಿಸ್ನಾ,
ಈಸ್ಟ್ರೊಜೆನ್ ಇಳಿಯುವುದಿಲ್ಲ, ಮಧ್ಯಾಹ್ನದ ಆ ಅಲೆ ಏಳುವುದಿಲ್ಲ,
ತತ್ತಿ ಬಿಡುವುದಿಲ್ಲ. ಹೀಗೇ ಇರುತ್ತದೆ, ತಿಂಗಳುಗಟ್ಟಲೆ ಸಿದ್ಧವಾಗಿ.
ನನ್ನ ಹಾಗೆಯೇ?
ಅಲ್ಲಲ್ಲ, ನಮ್ಮದು ಇಳಿದು ನಿಲ್ಲುತ್ತದೆ.
ನಮ್ಮದು ಅಂದಳು, ಇಪ್ಪತ್ತಾರರ ಹುಡುಗಿ.
ಆಮೇಲೆ, ಮುಖ ನೋಡದೆ, ಪಟ್ಟಿಯಿಂದ ತೆಗೆಯಬೇಕು ಅಂದಳು.
ತೆಗೆಯುವುದೆಂದರೇನೆಂದು ಇಬ್ಬರಿಗೂ ಗೊತ್ತು.
ಆ ಡಬ್ಬಿ ತೊಳೆಯುವವಳು ನಾನೇ.

ಷರಾ ಕಾಲಮ್ಮಿನಲ್ಲಿ ಎಲ್ಲರೂ ಇಂಗ್ಲಿಷಿನ ಒಂದಕ್ಷರ ಬರೆಯುತ್ತಾರೆ.
ನಾನು ಅವತ್ತು ಕನ್ನಡದಲ್ಲಿ ಬರೆದೆ: ಎಲೆ.
ಬೋರ್ಡುಗಳಿಂದ ಕಲಿತ ಕನ್ನಡದಲ್ಲಿ ಅವಳು ಕೂಡಿಸಿ ಕೂಡಿಸಿ ಓದಿ,
ಎಲಿ ಅಂತ ಬರೆದಿರಾ ಚೇಚಿ, ಎಂದು ಕೇಳಿದಳು.
ಹೌದು, ಅಂದೆ.

ಆರಕ್ಕೆ ದೀಪ ಆರಿತು.
ಹದಿನೇಳರಲ್ಲಿ ಮರದ ಹೊಟ್ಟು ಕೆದಕುವ ಸದ್ದು,
ಬಹಳ ಹೊತ್ತು.