ಮೋಡ್ ಐದು

ಹರಾಜಿನಲ್ಲಿ ನನ್ನ ಪಾಲಿಗೆ ಬಂದದ್ದಿಷ್ಟು:
ಕಾಲು ಮುರಿದ ಬೆಂಚು, ಸಮುದ್ರ ಮಾಸಿದ ಗ್ಲೋಬು,
ಎಂಬತ್ತೈದರಲ್ಲಿ ಸರ್ಕಾರ ಮೊಳಕಾಲ್ಮೂರಿನ ಹೈಸ್ಕೂಲಿಗೆ ಕೊಟ್ಟು
ಹೆಡ್‌ಮಾಸ್ತರರು ಕೆಟ್ಟೀತೆಂದು ಬೀರುವಿಗೆ ಬೀಗ ಜಡಿದಿಟ್ಟ
ಕಂಪ್ಯೂಟರು.
ಕೀಲಿಗಳ ಮೇಲೆ ಒಂದು ಬೆರಳಿನ ಗುರುತಿಲ್ಲ.
ಒಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು.

ಕೆಪಾಸಿಟರ್ ಎರಡು ಬದಲಿಸಿದೆ.
ಟೀವಿ ರಿಪೇರಿಯವನಿಗೆ ಅದೇನು ದೊಡ್ಡ ವಿದ್ಯೆಯಲ್ಲ.
ಬೀಪ್ ಅಂದಿತು,
ಅಷ್ಟೂ ವರ್ಷ ತಡೆದಿಟ್ಟುಕೊಂಡ ಬಿಕ್ಕಳಿಕೆ.

ಚಿತ್ರ ಬರೆಯಬೇಕು ಅನಿಸಿತು. ಯಾಕೆಂದು ಕೇಳಬೇಡಿ.
ಅಂಗಡಿಯೆದುರು ಬಣ್ಣದ ಮನೆಯವರು ರೇಷ್ಮೆ ಲಡಿ ಒಣಹಾಕಿದ್ದರು,
ಒಂದು ಬಿದಿರಿಗೆ ನೀಲಿ, ಇನ್ನೊಂದಕ್ಕೆ ಹಸಿರು.
ನವಿಲು ಬರೆಯೋಣ ಅಂದುಕೊಂಡೆ.

ಯಾವ ಮೋಡು, ಅನ್ನುತ್ತದೆ ಯಂತ್ರ.
ಸೊನ್ನೆಯಲ್ಲಿ ಚುಕ್ಕಿ ಸಾಸಿವೆಗಿಂತ ಸಣ್ಣ,
ಬಣ್ಣ ಎರಡೇ. ನವಿಲು ಪಂಚಾಂಗದ ಚಿತ್ರದ ಹಾಗೆ.
ಒಂದರಲ್ಲಿ ನಾಲ್ಕು ಬಣ್ಣ, ಚುಕ್ಕಿಯೂ ಪರವಾಗಿಲ್ಲ.
ಎರಡರಲ್ಲಿ ಎಂಟು, ಜೊತೆಗೆ ಮಿಣಕುವವು ಎಂಟು,
ಚುಕ್ಕಿ ಮಾತ್ರ ಇಟ್ಟಿಗೆ.
ನಾನು ಆಸೆಬುರುಕ. ಎರಡನ್ನೇ ಒತ್ತಿದೆ.

ಬರೆಯುವ ಪ್ರೋಗ್ರಾಂ ಹುಡುಕಿದೆ, ಮೂರು ಸಿಕ್ಕವು.
ಒಂದು ಕ್ಯಾಸೆಟ್ಟಿನಲ್ಲಿ, ಟೇಪಿಗೆ ಬೂಸಲು,
ಅರ್ಧ ದಾರಿಯಲ್ಲಿ ಕೈ ಕೊಡುತ್ತಿತ್ತು.
ಇನ್ನೊಂದು ಬಲು ಅಚ್ಚುಕಟ್ಟು: ಕುಂಚ, ಸ್ಪ್ರೇ, ಭೂತಗನ್ನಡಿ,
ಆದರೆ ಮೆನು ತೆರೆದರೆ
ಜಾಗವಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಿತ್ತು.
ಮೂರನೆಯದು ಮಗಳ ಲ್ಯಾಪ್‌ಟಾಪಿನಲ್ಲಿ
ಹಳೆ ಯಂತ್ರದ ವೇಷ ಕಟ್ಟಿ ಕುಣಿಯುತ್ತದೆ.
ತಪ್ಪಿದರೆ ಹಿಂದಕ್ಕೆ ಹೋಗಬಹುದು, ಮುನ್ನೂರು ಸಲ.
ಯಾಕೋ ಅದು ಹಿಡಿಸಲಿಲ್ಲ.

ಆಗ ಬಂದಳು, ಕೆಟ್ಟ ಮಿಕ್ಸಿ ಹಿಡಿದು,
ಕೊಂಡ್ಲಹಳ್ಳಿಯಲ್ಲಿ ಸೀರೆಗೆ ಗ್ರಾಫ್ ಬರೆಯುವ ಅಂಬಕ್ಕ.
ಪರದೆ ನೋಡಿದಳು.
"ಇದ್ಯಾವ ಜಾತಿ ಕೋಳಿನಪ್ಪಾ?"
ನವಿಲು, ಅಂದೆ.
ಉಗುರು ಚುಕ್ಕಿಯ ಮೇಲಿಟ್ಟು ಅಡ್ಡ ಅಳೆದಳು, ಉದ್ದ ಅಳೆದಳು.
"ನಿನ್ನ ಚೌಕ ಚೌಕ ಅಲ್ಲ. ಅಡ್ಡ ಎರಡಾದ್ರೆ ಉದ್ದ ಒಂದೈತೆ.
ನಮ್ಮಲ್ಲೂ ಹಂಗೇ. ಹಾಸಿನ ಲೆಕ್ಕ ಬೇರೆ, ಹೊಕ್ಕಿನ ಲೆಕ್ಕ ಬೇರೆ.
ಮೊದ್ಲು ಎಳೆ ಎಣಿಸು, ನವಿಲು ಆಮೇಲೆ."

ಜಾಗದ ಕಷ್ಟ ಹೇಳಿಕೊಂಡೆ.
ಒಟ್ಟು ಮೂವತ್ತೆರಡು ಕೆ, ಪರದೆಯೊಂದಕ್ಕೇ ಇಪ್ಪತ್ತು,
ಮಿಕ್ಕದ್ದರಲ್ಲಿ ಪ್ರೋಗ್ರಾಂ ಬದುಕಬೇಕು.
ಅಂಬಕ್ಕ ನಕ್ಕಳು.
"ಮಗ್ಗದ ಮನೆ ಕಂಡಿಲ್ವಾ ನೀನು?
ಮಗ್ಗ ಕೂತು ಉಳಿದಿದ್ರಾಗೆ ನಮ್ಮ ಒಲೆ, ನಮ್ಮ ಹಾಸಿಗೆ,
ನನ್ನ ಎರಡು ಬಾಣಂತನ.
ದೊಡ್ಡ ಮಗ್ಗ ತಂದು ನೀನು ಬೀದಿಯಾಗೆ ಮಲಗ್ತೀಯೇನು?"

ಐದನ್ನು ಒತ್ತಿದೆ.
ಅದೇ ಇಟ್ಟಿಗೆ, ಬಣ್ಣ ನಾಲ್ಕು, ಜಾಗ ಹತ್ತೇ ಕೆ.
ಪ್ರೋಗ್ರಾಂ ನಾನೇ ಬರೆದುಕೊಂಡೆ, ಬೇಸಿಕ್ಕಿನಲ್ಲಿ ನಲವತ್ತು ಸಾಲು.
ಬಾಣದ ಕೀಲಿಗೆ ಚುಕ್ಕಿ ನಡೆಯುತ್ತದೆ,
ಸ್ಪೇಸ್ ಒತ್ತಿದರೆ ಕೂರುತ್ತದೆ.
ಅಳಿಸುವ ಸಾಲು ಬರೆಯಲಿಲ್ಲ.
ಮರೆತದ್ದೋ ಬಿಟ್ಟದ್ದೋ, ನನಗೇ ಗೊತ್ತಿಲ್ಲ.

ನೆಲಕ್ಕೆ ಕಪ್ಪು. ಗರಿಯ ಕಣ್ಣಿಗೆ ಹಳದಿ.
ಉಳಿದದ್ದು ನೀಲಿ, ಹಸಿರು.
ನವಿಲುಗತ್ತಿನ ಬಣ್ಣ ಇದರಲ್ಲಿಲ್ಲವಲ್ಲ, ಅಂದೆ.
"ರೇಷ್ಮೆಯಾಗೂ ಇಲ್ಲ," ಅಂದಳು,
"ಯಾವ ಹಂಡೆಯಾಗೂ ಕುದ್ದಿಲ್ಲ ಅದು.
ಹಾಸಿಗೊಂದು ಹಾಕ್ತೀವಿ, ಹೊಕ್ಕಿಗೊಂದು.
ನೋಡೋರ ಕಣ್ಣಾಗೆ ಬಣ್ಣ ಕಟ್ಟುತ್ತೆ."

ಒಂದು ಸಾಲು ನೀಲಿ, ಒಂದು ಸಾಲು ಹಸಿರು,
ಮತ್ತೆ ನೀಲಿ. ಬೆಳಗಿನ ಹನ್ನೊಂದರಿಂದ
ಎದುರಿನ ಹೋಟೆಲಿನಲ್ಲಿ ಸಂಜೆಯ ಮಿರ್ಚಿ ಕರಿಯುವವರೆಗೆ.
ಹತ್ತಿರದಿಂದ ಬರೀ ಪಟ್ಟೆ, ಟವೆಲಿನ ಹಾಗೆ.
ರಸ್ತೆ ದಾಟಿ ಬಿದಿರಿನ ಕೆಳಗೆ ನಿಂತು ತಿರುಗಿದೆ:
ಅಂಗಡಿಯ ಕತ್ತಲಲ್ಲಿ
ಕತ್ತು ಹೊಳೆಯಿತು.
ಯಂತ್ರದಲ್ಲಿ ಇಲ್ಲದ ಬಣ್ಣ. ಲಾರಿ ಹಾದುಹೋಯಿತು. ಆಮೇಲೂ ಇತ್ತು.

ಕಾಲಿಗೆ ಬಣ್ಣ ಉಳಿಯಲಿಲ್ಲ.
ಕಪ್ಪು ನೆಲದ ಮೇಲೆ ಕಪ್ಪಿನಲ್ಲೇ ಬರೆದೆ,
ಬೆರಳು, ಉಗುರು, ಎಲ್ಲ ಎಣಿಸಿ.
ಇವೆ. ಕಾಣುವುದಿಲ್ಲ.

"ನನ್ನ ಮಿಕ್ಸಿ?" ಅಂದಳು ಅಂಬಕ್ಕ.
ಇನ್ನೂ ತಿರುಪು ಬಿಚ್ಚಿರಲಿಲ್ಲ.